ತೋಟದ ಮನೆಯ ನಾಯಿ ಕಚ್ಚಿದ್ದೇಕೆ: ಚನ್ನಗಿರಿ ಸೀಮೆಯ ಒಂದು ಪ್ರಕರಣ

ದಾವಣಗೆರೆ ಜಿಲ್ಲೆ, ಚನ್ನಗಿರಿ ತಾಲ್ಲೂಕು, ಅಡಿಕೆ ತೋಟದ ನಡುವೆ ಒಂದು ಮನೆ. ಅಜ್ಜ, ಅಜ್ಜಿ, ಮಗ, ಸೊಸೆ, ಏಳು ವರ್ಷದ ಮೊಮ್ಮಗ. ನಾಯಿಯ ಹೆಸರು ಟೈಗರ್: ಗಂಡು, ಮೂರೂವರೆ ವರ್ಷ, 27 ಕೆ.ಜಿ., ಜರ್ಮನ್ ಶೆಫರ್ಡ್‌ಗೂ ನಾಡುನಾಯಿಗೂ ಹುಟ್ಟಿದ್ದು. ಸಂತಾನಹರಣ ಆಗಿಲ್ಲ. ಐದು ವಾರದ ಮರಿಯಿದ್ದಾಗ ತಾಯಿಯಿಂದ ಬಿಡಿಸಿ ತಂದದ್ದು. ಆರು ತಿಂಗಳಾದ ಮೇಲೆ ಹಗಲೆಲ್ಲ ಗೇಟಿನ ಪಕ್ಕ ನಾಲ್ಕಡಿ ಸರಪಳಿ, ರಾತ್ರಿ ತೋಟಕ್ಕೆ ಬಿಡುಗಡೆ. ರೇಬೀಸ್ ಲಸಿಕೆ ಮರಿಯಲ್ಲಿ ಒಮ್ಮೆ ಹಾಕಿಸಿದ್ದರು, ಆಮೇಲೆ ಮರೆತಿದ್ದರು. ಗುರುತು ಹತ್ತದಂತೆ ಕೆಲವು ವಿವರ ಬದಲಿಸಿದೆ.

ಸೆಪ್ಟೆಂಬರ್‌ನ ಒಂದು ಭಾನುವಾರ, ಸಂಜೆ ಐದರ ಸುಮಾರು. ಅಡಿಕೆ ಕೊಯ್ಲು ಜೋರಾಗಿತ್ತು. ಶೆಡ್ಡಿನಲ್ಲಿ ಸುಲಿಯುವ ಯಂತ್ರ ಓಡುತ್ತಿತ್ತು, ಸುಲಿಯಲು ಬಂದ ಹೆಣ್ಣಾಳುಗಳು ಗೇಟಿನಿಂದ ಓಡಾಡುತ್ತಿದ್ದರು. ಭಾನುವಾರದ ಬಾಡೂಟದ ಮೂಳೆಯೊಂದನ್ನು ಯಾರೋ ನಾಯಿಗೆ ಎಸೆದರು. ಹುಡುಗನ ಚೆಂಡು ಉರುಳಿಕೊಂಡು ಅದೇ ಕಡೆಗೆ ಹೋಯಿತು. ಹುಡುಗ ಬಗ್ಗಿದ. ಬಲ ಮುಂಗೈಗೆ ಕಚ್ಚಿತು.

ಮನೆಯವರೆಲ್ಲರದ್ದೂ ಒಂದೇ ಮಾತು: "ಸುಮ್ನೆ ಇತ್ತು ಸಾರ್, ಇದ್ದಕ್ಕಿದ್ದಂಗೆ ಬಾಯಿ ಹಾಕಿಬಿಡ್ತು. ಗುರ್ ಅಂತಾನೂ ಅನ್ನಲಿಲ್ಲ."

ಗುರ್ ಅನ್ನಲಿಲ್ಲ ಎಂಬುದು ನಿಜ. ಇದ್ದಕ್ಕಿದ್ದಂತೆ ಎಂಬುದು ನಿಜವಲ್ಲ. ಅಡಿಕೆ ಕಳವಿನ ಭಯಕ್ಕೆ ಕಣಕ್ಕೆ ಹಾಕಿಸಿದ್ದ ಸಿಸಿ ಕ್ಯಾಮೆರಾದಲ್ಲಿ ಕಚ್ಚುವ ಮುಂಚಿನ ಹನ್ನೊಂದು ಸೆಕೆಂಡು ಪೂರ್ತಿ ದಾಖಲಾಗಿತ್ತು. ಈ ಪ್ರಕರಣದ ತಿರುಳೆಲ್ಲ ಅದರಲ್ಲಿದೆ.

ಹುಡುಗ ಸುಮಾರು ಹನ್ನೆರಡು ಅಡಿ ದೂರದಲ್ಲಿದ್ದಾಗಲೇ ನಾಯಿ ಅಗಿಯುವುದನ್ನು ನಿಲ್ಲಿಸುತ್ತದೆ. ತಲೆ ಮೇಲೆತ್ತುವುದಿಲ್ಲ, ಇನ್ನೂ ಕೆಳಗಿಳಿಸಿ ಮೂಳೆಯ ಮೇಲೆ ಕವಿಸುತ್ತದೆ. ನಾಲಿಗೆ ಒಮ್ಮೆ ಚಕ್ಕನೆ ಮೂಗಿಗೆ ತಾಗಿ ಒಳಹೋಗುತ್ತದೆ. ಹುಡುಗ ಹತ್ತಿರವಾದಂತೆ ಮುಖ ಪಕ್ಕಕ್ಕೆ ತಿರುಗುತ್ತದೆ, ಕಣ್ಣು ಮಾತ್ರ ಅವನ ಮೇಲೇ ಇದೆ, ಕಣ್ಣಿನ ಬಿಳಿ ಕಾಣುತ್ತದೆ. ಎಡ ಕಿವಿ ಹಿಂದಕ್ಕೆ ಒತ್ತಿದೆ. ಬಲ ಕಿವಿ ಜೋತೇ ಇದೆ (ಇದರ ವಿಷಯ ಮುಂದೆ). ಒಂದು ಹೆಜ್ಜೆ ಹಿಂದೆ ಸರಿಯುತ್ತದೆ, ಸರಪಳಿ ಬಿಗಿಯಾಗುತ್ತದೆ, ಸರಿಯಲು ಜಾಗವಿಲ್ಲ. ಆಮೇಲೆ ಎರಡು ಸೆಕೆಂಡು ಬಾಲದ ತುದಿಯಿಂದ ಮೂಗಿನವರೆಗೆ ಏನೂ ಅಲುಗಾಡುವುದಿಲ್ಲ. ಹುಡುಗನ ಕೈ ಚೆಂಡಿಗೆ ಹೋಗುತ್ತದೆ, ಅಂದರೆ ಮೂಳೆಯ ಪಕ್ಕಕ್ಕೆ. ಕಚ್ಚು. ಕಚ್ಚಿದ ಕ್ಷಣವೇ ಬಿಟ್ಟು, ನಾಯಿ ಸರಪಳಿಯ ಇನ್ನೊಂದು ತುದಿಗೆ ಹೋಗಿ ಕಿವಿ ಕೊಡವುತ್ತದೆ.

ನಾಲಿಗೆ ನೆಕ್ಕುವುದು, ಮುಖ ತಿರುಗಿಸುವುದು, ಹಿಂದೆ ಸರಿಯುವುದು, ಮೈ ಸೆಟೆಸುವುದು, ಗುರುಗುಟ್ಟುವುದು, ಗಾಳಿಗೆ ಬಾಯಿ ಹಾಕುವುದು, ಕಚ್ಚುವುದು: ಹೆದರಿದ ನಾಯಿ ಹೆಚ್ಚುಕಡಿಮೆ ಈ ಸಾಲಿನಲ್ಲೇ ಮೇಲೇರುತ್ತದೆ. ಟೈಗರ್ ಮೊದಲಿನ ನಾಲ್ಕನ್ನೂ ಮಾಡಿ, ನಡುವಿನ ಎರಡನ್ನು ಬಿಟ್ಟು, ಕೊನೆಯದಕ್ಕೆ ಹಾರಿತು. ಯಾಕೆ ಬಿಟ್ಟಿತು ಎಂಬುದಕ್ಕೆ ಉತ್ತರ ಅಜ್ಜನ ಮಾತಿನಲ್ಲೇ ಸಿಕ್ಕಿತು: "ಮರಿ ಇದ್ದಾಗ ಗುರ್ ಅಂದ್ರೆ ಅಡಿಕೆ ದಬ್ಬೇಲಿ ನಾಲ್ಕು ಬಿಡ್ತಿದ್ದೆ. ಒಂದ್ ವರ್ಷಕ್ಕೆ ಆ ಚಾಳಿ ಬಿಡಿಸಿದೆ." ಬಿಟ್ಟದ್ದು ಗುರುಗುಟ್ಟುವ ಚಾಳಿ ಮಾತ್ರ. ಹೆದರಿಕೆ ಹಾಗೇ ಉಳಿಯಿತು. ನಾಯಿ ಸಾಕಿದವರು ಮಾಡುವ ತಪ್ಪುಗಳಲ್ಲಿ ಇದಕ್ಕಿಂತ ದುಬಾರಿಯಾದದ್ದು ಬೇರೆ ಇಲ್ಲ.

ಗಾಯ, ಆಸ್ಪತ್ರೆ, ಹತ್ತು ದಿನ

ಅಜ್ಜಿ ಗಾಯಕ್ಕೆ ಅರಿಶಿನ ಒತ್ತಿದ್ದರು. ಸೊಸೆ ಅದನ್ನು ತೊಳೆದು, ನಲ್ಲಿ ನೀರು ಬಿಟ್ಟು, ಸೋಪು ಹಚ್ಚಿ ಹದಿನೈದು ನಿಮಿಷ ತಿಕ್ಕಿ ತೊಳೆದರು. ಮಾಡಬೇಕಾದದ್ದು ಇದೇ. ಅರಿಶಿನ, ಸುಣ್ಣ, ಖಾರದ ಪುಡಿ, ಕಾಫಿ ಪುಡಿ ಯಾವುದೂ ರೇಬೀಸ್ ವೈರಸ್ಸನ್ನು ಕೊಲ್ಲುವುದಿಲ್ಲ. ಗಾಯ ಕೆರಳಿಸುತ್ತವೆ, ಆಸ್ಪತ್ರೆಯಲ್ಲಿ ಮತ್ತೆ ತೊಳೆಯುವಾಗ ಮಗುವಿಗೆ ಎರಡರಷ್ಟು ಉರಿ.

ಹಲ್ಲು ಇಳಿದ ತೂತು ಎರಡು, ರಕ್ತ ಬಂದಿತ್ತು. ರಕ್ತ ಬಂದರೆ ಅದು ಮೂರನೇ ವರ್ಗದ ಗಾಯ: ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯ) ಕೂಡ ಚುಚ್ಚಬೇಕು. ಲಸಿಕೆ ಚರ್ಮದೊಳಗೆ ಕೊಟ್ಟರೆ 0, 3, 7, 28ನೇ ದಿನ. ಸ್ನಾಯುವಿಗೆ ಕೊಟ್ಟರೆ 0, 3, 7, 14, 28. ಹುಡುಗನಿಗೆ ಮೊದಲ ಕ್ರಮದಲ್ಲಿ ಪೂರ್ತಿ ಆಯಿತು. "ಮನೆ ನಾಯಿ ಅಲ್ವಾ" ಎಂದು ಬಿಡುವಂತಿಲ್ಲ. ರಾತ್ರಿ ತೋಟದಲ್ಲಿ ಅಲೆಯುವ, ಲಸಿಕೆ ತಪ್ಪಿದ ನಾಯಿ ಬೀದಿ ನಾಯಿ, ನರಿಗಳಿಂದ ದೂರವಿತ್ತು ಎಂದು ಯಾರೂ ಹೇಳಲಾರರು.

ನಾಯಿಯನ್ನು ಗೊಬ್ಬರದ ಕೋಣೆ ಖಾಲಿ ಮಾಡಿ ಅಲ್ಲಿಟ್ಟರು. ಹತ್ತು ದಿನ ನಿಗಾ. ಕಚ್ಚುವ ಹೊತ್ತಿಗೆ ಜೊಲ್ಲಿನಲ್ಲಿ ವೈರಸ್ ಇದ್ದ ನಾಯಿ ಅಷ್ಟರೊಳಗೆ ಕಾಯಿಲೆ ಬೀಳುತ್ತದೆ ಅಥವಾ ಸಾಯುತ್ತದೆ. ಈ ಅವಧಿಯಲ್ಲಿ ನಾಯಿಗೆ ಲಸಿಕೆ ಹಾಕಲಿಲ್ಲ. ಹಾಕಿದರೆ ಮಂಕಾದದ್ದು ಲಸಿಕೆಯಿಂದಲೋ ರೋಗದಿಂದಲೋ ತಿಳಿಯದೆ ಗೊಂದಲವಾಗುತ್ತದೆ. ಹನ್ನೊಂದನೇ ದಿನ ಹಾಕಲಾಯಿತು. ವರ್ತನೆ ದಿಢೀರನೆ ಬದಲಾದ ಯಾವ ನಾಯಿಯಲ್ಲೂ ಪಶುವೈದ್ಯರು ಮೊದಲು ತಳ್ಳಿಹಾಕಬೇಕಾದದ್ದು ರೇಬೀಸನ್ನೇ. ತರಬೇತಿಯ ಮಾತು ಆಮೇಲೆ.

ಈ ಹತ್ತು ದಿನದಲ್ಲಿ ಊರಿನ ಸಲಹೆಗಳು ಹರಿದು ಬಂದವು. ಒಬ್ಬರು ಭದ್ರಾ ನಾಲೆಯಾಚೆ ಬಿಟ್ಟು ಬನ್ನಿ ಎಂದರು, ಇನ್ನೊಬ್ಬರು ಸರಪಳಿ ಇನ್ನೂ ಗಿಡ್ಡ ಮಾಡಿ ಎಂದರು, ಬೀಜ ಒಡೆಸಿದರೆ ತಣ್ಣಗಾಗುತ್ತೆ ಎಂದರು ಮತ್ತೊಬ್ಬರು. ಸಾಕಿದ ಪ್ರಾಣಿಯನ್ನು ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ಅಪರಾಧ. ಅದೇ ಸೆಕ್ಷನ್ನು ಅತಿ ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟುವುದನ್ನೂ, ಕಟ್ಟಿದ ನಾಯಿಯನ್ನು ಅಡ್ಡಾಡಿಸದಿರುವುದನ್ನೂ ಅಪರಾಧವೆಂದೇ ಎಣಿಸುತ್ತದೆ, ಇದು ಹೆಚ್ಚಿನವರ ಕಿವಿಗೆ ಬಿದ್ದಿಲ್ಲ. ಇನ್ನೊಂದು ಕಡೆ, ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದ ಮಾಲೀಕರಿಗೆ ಭಾರತೀಯ ನ್ಯಾಯ ಸಂಹಿತೆಯ 291ರ ಪ್ರಕಾರ ಆರು ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

"ಶೆಫರ್ಡ್ ರಕ್ತ ಅಲ್ವಾ, ಅದಕ್ಕೇ" ಎಂಬ ಮಾತೂ ಬಂತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ಬಗೆಯ ನಾಯಿಗಳ ಮೇಲೆ ನಿಷೇಧದ ಸುತ್ತೋಲೆ ಹೊರಡಿಸಿ, ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿದ ಮೇಲೂ ತಳಿಯ ಮಾತು ಜನರ ಬಾಯಲ್ಲಿ ನಿಂತಿದೆ. ತಳಿಯಿಂದ ದವಡೆಯ ಬಲ, ಗಾತ್ರ ತಿಳಿಯುತ್ತದೆ. ಕಾವಲು ಬುದ್ಧಿ ಕೆಲವು ತಳಿಗಳಲ್ಲಿ ಹೆಚ್ಚು ಎನ್ನುವುದೂ ಸರಿ. ಆದರೆ ಇದೇ ನಾಯಿ ಇದೇ ಹುಡುಗನ ಜೊತೆ ಮೂರು ವರ್ಷ ಕಳೆದು ಈಗ ಕಚ್ಚಿದ್ದೇಕೆ ಎಂಬುದಕ್ಕೆ ತಳಿಯಲ್ಲಿ ಉತ್ತರವಿಲ್ಲ.

ಬಲ ಕಿವಿ

ನಿಗಾ ಮುಗಿಯುವವರೆಗೆ ತೂಕದ ಲೆಕ್ಕದಲ್ಲಿ ನಾಯಿಗೆ ತಕ್ಕ ನೋವಿನ ಔಷಧಿಯನ್ನು ವೈದ್ಯರು ಊಟದಲ್ಲಿ ಕೊಡಿಸಿದರು. ಮನುಷ್ಯರ ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆ ಮತ್ತು ಮೂತ್ರಪಿಂಡಕ್ಕೆ ವಿಷ. ಮೆಡಿಕಲ್ ಶಾಪಿನಿಂದ ತಂದು ಅರ್ಧ ಮಾತ್ರೆ ಕೊಡುವವರಿದ್ದಾರೆ, ಕೊಡಬಾರದು. ಆಮೇಲೆ ಮಂಪರು ಮದ್ದು ಕೊಟ್ಟು ಪೂರ್ತಿ ತಪಾಸಣೆ ಆಯಿತು.

ಬಲ ಕಿವಿಯ ಒಳಗೆ ಕಂದು ಬಣ್ಣದ ಜಿಗುಟು, ಹುಳಿ ವಾಸನೆ, ಕಾಲುವೆ ಬಾತು ಅರ್ಧ ಮುಚ್ಚಿತ್ತು. ಹತ್ತಿಯಲ್ಲಿ ತೆಗೆದು ಗಾಜಿನ ಮೇಲೆ ಸವರಿ ನೋಡಿದಾಗ ಮಲಸೇಜಿಯಾ ಯೀಸ್ಟು, ಜೊತೆಗೆ ಬ್ಯಾಕ್ಟೀರಿಯಾ. ಕಿವಿತಮಟೆ ಹರಿದಿರಲಿಲ್ಲ. ಜೂನ್‌ನಿಂದ ಮಳೆ, ಮಲಗುವ ಜಾಗ ಒದ್ದೆ ಅಡಿಕೆ ಸಿಪ್ಪೆಯ ರಾಶಿ, ಜೋತ ಕಿವಿ: ಸೋಂಕು ಬೇರೂರಲು ಇಷ್ಟು ಸಾಕು. ಕತ್ತಿನ ಸುತ್ತ ಉಣ್ಣೆಗಳಿದ್ದವು; ಉಣ್ಣೆಜ್ವರದ ರಕ್ತಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಸೊಂಟ, ಹಲ್ಲು, ಕಣ್ಣು ಸರಿ ಇದ್ದವು.

ಎರಡು ತಿಂಗಳಿಂದ ತಲೆ ಕೊಡವುತ್ತಿತ್ತು ಎಂದು ಸೊಸೆಗೆ ನೆನಪಾಯಿತು. ಹಿಂದಿನ ಘಟನೆಗಳನ್ನು ಅವರಿಂದಲೇ ಕಾಗದದ ಮೇಲೆ ಬರೆಸಲಾಯಿತು. ಕಚ್ಚುವುದಕ್ಕೆ ಎರಡು ತಿಂಗಳ ಮೊದಲು ಹಾಲಿನವರ ಪ್ಯಾಂಟಿಗೆ ಬಾಯಿ ಹಾಕಿತ್ತು. ಒಂದು ತಿಂಗಳ ಮೊದಲು ಆಳಿನ ಸೀರೆ ಸೆರಗು ಹರಿದಿತ್ತು. ಮೂರು ವಾರದ ಮೊದಲು ಅಜ್ಜ ತಲೆ ಸವರಿದಾಗ ತುಟಿ ಎತ್ತಿತ್ತು, ಅದಕ್ಕೆ ಏಟು ಬಿದ್ದಿತ್ತು. ಮೂರೂ ಬಲಗಡೆಯಿಂದ ಕೈ ಅಥವಾ ಕಾಲು ಬಂದಾಗ. ಮನೆಯವರು ಇವನ್ನು ಮೂರು ಬೇರೆ ಬೇರೆ ಸಂಗತಿ ಎಂದೇ ನೋಡಿದ್ದರು.

ನೋವು ಒಂದೇ ಕಾರಣವಲ್ಲ. ಆ ಭಾನುವಾರ ಕಿವಿ ನೋವು, ಯಂತ್ರದ ಕಿರುಚಾಟ, ಗೇಟಿನಲ್ಲಿ ಅಪರಿಚಿತರು, ಅಪರೂಪಕ್ಕೆ ಸಿಕ್ಕ ಮೂಳೆ, ಓಡಿಹೋಗಲು ಬಿಡದ ಸರಪಳಿ, ಬಗ್ಗಿ ಬಂದ ಮಗು, ಎಲ್ಲ ಒಂದರ ಮೇಲೊಂದು ಬಿದ್ದವು. ಇವುಗಳಲ್ಲಿ ಎರಡು ಕಡಿಮೆಯಿದ್ದಿದ್ದರೆ ಬಹುಶಃ ಮುಖ ತಿರುಗಿಸುವಲ್ಲಿಗೆ ಮುಗಿಯುತ್ತಿತ್ತು.

ಸರಪಳಿಯ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಹೆದರಿದ ನಾಯಿಗೆ ಇರುವ ದಾರಿ ಎರಡು: ದೂರ ಹೋಗುವುದು, ಇಲ್ಲವೇ ಎದುರಿನವರನ್ನು ದೂರ ಕಳಿಸುವುದು. ನಾಲ್ಕಡಿಯಲ್ಲಿ ಮೊದಲನೆಯದು ಇಲ್ಲ. ಹಾಲಿನವರು ಬರುತ್ತಾರೆ, ನಾಯಿ ಹಾರಿ ಬೊಗಳುತ್ತದೆ, ಹಾಲಿನವರು ಹೋಗುತ್ತಾರೆ. ಅವರು ಹೇಗೂ ಹೋಗುವವರೇ. ನಾಯಿಯ ಲೆಕ್ಕದಲ್ಲಿ ಮಾತ್ರ ಓಡಿಸಿದ್ದು ತಾನು. ದಿನಕ್ಕೆ ಎರಡು ಸಲ, ಮೂರು ವರ್ಷ. ಇಷ್ಟು ಸಲ ಫಲ ಕೊಟ್ಟ ಕೆಲಸವನ್ನು ಯಾವ ಪ್ರಾಣಿಯೂ ಬಿಡುವುದಿಲ್ಲ. "ಕಟ್ಟಿದ್ರೆ ಕಾವಲು ಬುದ್ಧಿ ಬರುತ್ತೆ" ಎನ್ನುತ್ತಾರೆ. ಬರುವುದು ಯಾರನ್ನು ಕಂಡರೂ ಕೆರಳುವ ಬುದ್ಧಿ. ಕಳ್ಳನಿಗೂ ಮೊಮ್ಮಗನಿಗೂ ಅದರಲ್ಲಿ ವ್ಯತ್ಯಾಸವಿಲ್ಲ.

ಇಟ್ಟುಕೊಳ್ಳಬಹುದೇ?

ಮನೆಯಲ್ಲಿ ಚಿಕ್ಕ ಮಗುವಿದೆ, ಹಾಗಾಗಿ ಈ ಪ್ರಶ್ನೆಯನ್ನು ಮೊದಲೇ ಎತ್ತಬೇಕಾಯಿತು. ಪಶುವೈದ್ಯ, ನಾಯಿ ವರ್ತನೆಯ ತಜ್ಞ ಇಯಾನ್ ಡನ್‌ಬಾರ್ ಕಚ್ಚಿನ ತೀವ್ರತೆ ಅಳೆಯಲು ರೂಪಿಸಿದ ಆರು ಹಂತದ ಅಳತೆಯಲ್ಲಿ ಈ ಕಚ್ಚು ಮೂರನೆಯದು: ಒಂದೇ ಸಲ ಬಾಯಿ ಹಾಕಿದ್ದು, ನಾಲ್ಕರೊಳಗೆ ತೂತು, ಕೋರೆಹಲ್ಲಿನ ಅರ್ಧ ಉದ್ದಕ್ಕಿಂತ ಆಳವಿಲ್ಲ. ತಾನಾಗಿಯೇ ಬಿಟ್ಟು ಹಿಂದೆ ಸರಿದಿದೆ, ಹಿಡಿದು ಎಳೆದಾಡಿಲ್ಲ. ಕಾರಣ ಊಹಿಸಬಹುದಾದದ್ದು, ಒಂದು ಕಾರಣಕ್ಕೆ ಔಷಧಿಯೇ ಇದೆ. ಇವೆಲ್ಲ ನಾಯಿಯ ಪರ. ಆಳವಾದ ಗಾಯ, ಮತ್ತೆ ಮತ್ತೆ ಕಚ್ಚಿದ್ದು, ಕಾರಣವೇ ತಿಳಿಯದ ದಾಳಿ ಇದ್ದಿದ್ದರೆ ಮಗುವಿರುವ ಮನೆಯಲ್ಲಿ ಇಡಿ ಎಂಬ ಸಲಹೆ ಕೊಡುವಂತಿರಲಿಲ್ಲ.

ಷರತ್ತು ಒಂದೇ ಇತ್ತು. ಮನೆಯ ದೊಡ್ಡವರು ನಾಲ್ಕೂ ಜನ ಒಂದೇ ನಿಯಮ ಪಾಲಿಸಬೇಕು. ಸೊಸೆ ತಕ್ಷಣ ಒಪ್ಪಿದರು. ಅಜ್ಜನಿಗೆ ಆ ಹನ್ನೊಂದು ಸೆಕೆಂಡಿನ ವಿಡಿಯೋವನ್ನು ನಿಧಾನಗತಿಯಲ್ಲಿ ತೋರಿಸಬೇಕಾಯಿತು. ನೋಡಿ, "ಹಂಗಾದ್ರೆ ಮೊದ್ಲೇ ಹೇಳಿತ್ತಲ್ಲ ಪಾಪ" ಎಂದರು. ದಬ್ಬೆ ಒಲೆಗೆ ಹೋಯಿತು.

ಜಾಗ ಮೊದಲು, ಪಾಠ ಆಮೇಲೆ

ಗೇಟಿನ ಪಕ್ಕದ ಗೂಟ ಕಿತ್ತರು. ಮನೆಯ ಹಿಂದೆ, ಶೆಡ್ಡಿನ ದಾರಿಯಿಂದ ದೂರ, 12ಕ್ಕೆ 15 ಅಡಿಯ ಆವರಣ ಎದ್ದಿತು. ಆರಡಿ ಎತ್ತರದ ಚೈನ್‌ಲಿಂಕ್ ಜಾಲರಿ, ಬುಡ ಒಂದಡಿ ನೆಲದೊಳಗೆ, ಇಲ್ಲದಿದ್ದರೆ ತೋಡಿಕೊಂಡು ಬರುತ್ತದೆ. ದಾರಿಯ ಕಡೆಗೆ ನಾಲ್ಕಡಿವರೆಗೆ ತಗಡು ಹೊಡೆದರು. ಕಾಣದಿದ್ದರೆ ಕೆರಳುವುದೂ ಕಡಿಮೆ. ಮೇಲೆ ನೆರಳು, ಕೆಳಗೆ ಒಣ ಹಲಗೆ, ಸಿಪ್ಪೆಯ ರಾಶಿ ಇಲ್ಲ. ಎರಡು ಗೇಟು, ನಡುವೆ ಮೂರಡಿ: ಒಂದು ಮುಚ್ಚಿದ ಮೇಲೆ ಇನ್ನೊಂದು ತೆಗೆಯಬೇಕು. ಮಕ್ಕಳಿರುವ ಮನೆಯಲ್ಲಿ ನಾಯಿ ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಒಂಟಿ ಗೇಟಿನಿಂದ, ಅದೂ ಊಟದ ತಟ್ಟೆ ಹಿಡಿದು ಮೊಣಕೈಯಲ್ಲಿ ತೆಗೆಯುವಾಗ.

ಚೊಗರಿನ (ಅಡಿಕೆ ಬೇಯಿಸಿ ಉಳಿದ ನೀರಿನ) ಹಂಡೆಗೂ ಮುಚ್ಚಳ ಮಾಡಿಸಲು ಹೇಳಲಾಯಿತು. ಅಡಿಕೆಯ ಅರೆಕೊಲಿನ್ ನಾಯಿಗೆ ಸಣ್ಣ ವಿಷವಲ್ಲ. ಒಂದು ಕಾಲಕ್ಕೆ ನಾಯಿಯ ಲಾಡಿಹುಳು ಬೀಳಿಸಲು ಅದನ್ನೇ ಔಷಧಿಯಾಗಿ ಕೊಡುತ್ತಿದ್ದರು, ಭೇದಿ ಹತ್ತಿಸಿ.

ಬೆಳಿಗ್ಗೆ ಆರಕ್ಕೆ, ಆಳುಗಳು ಬರುವ ಮೊದಲು, 40 ನಿಮಿಷ ತೋಟದಲ್ಲಿ ಉದ್ದ ಹಗ್ಗದಲ್ಲಿ ಅಡ್ಡಾಟ. ರಾತ್ರಿ ಎಂಟರ ಮೇಲೆ ಇನ್ನೊಮ್ಮೆ. ಮೂಸುತ್ತಾ ನಿಧಾನ ಹೋಗಲು ಬಿಡಬೇಕು. ರಾತ್ರಿಯೆಲ್ಲ ಬಿಡುವುದು ಬಂದ್.

ಬಾಯಿಕುಕ್ಕೆ ಮತ್ತು ಕಿವಿಯ ಹನಿ

ಕಿವಿಗೆ ದಿನಕ್ಕೆ ಎರಡು ಸಲ ಹನಿ ಹಾಕಬೇಕು, ಮೂರು ವಾರ. ನೋಯುವ ಕಿವಿ ಮುಟ್ಟಿದರೆ ಕಚ್ಚುವ ನಾಯಿಗೆ ಅದು ಹೇಗೆ? ಮೊದಲು ಬಾಯಿಕುಕ್ಕೆ ರೂಢಿ ಮಾಡಿಸಬೇಕು. ಅಂಗಡಿಯಲ್ಲಿ ಬಾಸ್ಕೆಟ್ ಮಝಲ್ ಎಂದು ಕೇಳಿ. ಬಟ್ಟೆಯ ಬಿಗಿ ಪಟ್ಟಿ ಬೇಡ. ಅದರಲ್ಲಿ ನಾಯಿ ಬಾಯಿ ತೆರೆದು ತೇಕಲಾರದು, ತೇಕದೆ ಮೈ ತಣ್ಣಗಾಗದು, ನಮ್ಮ ಬಿಸಿಲಿಗೆ ಹತ್ತು ನಿಮಿಷದಲ್ಲಿ ಅಪಾಯ. ಬುಟ್ಟಿಯೊಳಗೆ ಬಾಯಿ ಅಗಲ ತೆರೆಯಬೇಕು, ನೀರು ಕುಡಿಯಬೇಕು, ಮೂಗಿನ ತುದಿಗೂ ಬುಟ್ಟಿಗೂ ನಡುವೆ ಒಂದು ಬೆರಳಿನ ಜಾಗ, ಕತ್ತಿನ ಪಟ್ಟಿಯೊಳಗೆ ಎರಡು ಬೆರಳು ಹೋಗಬೇಕು.

ಮೊದಲೆರಡು ದಿನ ಬುಟ್ಟಿಯನ್ನು ಲೋಟದಂತೆ ಹಿಡಿದು, ತಳದಲ್ಲಿ ಬೇಯಿಸಿದ ಮೊಟ್ಟೆಯ ಚೂರು ಹಾಕಿ, ನಾಯಿ ತಾನೇ ಮೂತಿ ತೂರುವವರೆಗೆ ಕಾಯುವುದು. ಹೊತ್ತಿಗೆ ಹತ್ತು ಸಲ, ದಿನಕ್ಕೆರಡು ಹೊತ್ತು. ಆಮೇಲೆ ಮೂತಿ ಒಳಗಿರುವಷ್ಟು ಹೊತ್ತು ಕಂಡಿಯಿಂದ ಚೂರು ಕೊಡುತ್ತಾ ಹೋಗುವುದು. ನಾಲ್ಕನೇ ದಿನ ಪಟ್ಟಿಯನ್ನು ಕತ್ತಿನ ಮೇಲೆ ಸುಮ್ಮನೆ ಇಳಿಬಿಡುವುದು; ಐದರಲ್ಲಿ ಕೊಂಡಿ ಹಾಕಿ ಐದು ಸೆಕೆಂಡಿಗೆ ತೆಗೆಯುವುದು; ಅಲ್ಲಿಂದ ಒಂದು ನಿಮಿಷ, ಐದು ನಿಮಿಷ. ಕಾಲಲ್ಲಿ ಕಿತ್ತುಕೊಳ್ಳಲು ನೋಡಿದರೆ ಅವಸರವಾಗಿದೆ ಎಂದರ್ಥ, ಹಿಂದಿನ ಹಂತಕ್ಕೆ. ಇಲ್ಲಿ ಎಂಟು ದಿನ ಹಿಡಿಯಿತು. ನಿಗಾದಲ್ಲಿದ್ದಾಗಲೇ ಬಾಗಿಲ ಸಂದಿಯಿಂದ ಶುರು ಮಾಡಿದ್ದರಿಂದ ಕಿವಿ ತೊಳೆಯುವ ಹೊತ್ತಿಗೆ ನಾಯಿ ಬುಟ್ಟಿ ಕಂಡರೆ ಬಾಲ ಅಲ್ಲಾಡಿಸುತ್ತಿತ್ತು.

ಹನಿಯ ವಿಷಯದಲ್ಲಿ ಮಗ ಎಡವಿದ. ಅವನು ಮೊದಲು ಮೊಟ್ಟೆ ತೋರಿಸಿ, ನಾಯಿ ತಿನ್ನುವಾಗ ಕಿವಿಗೆ ಕೈ ಹಾಕುತ್ತಿದ್ದ. ಮೂರನೇ ದಿನಕ್ಕೆ ನಾಯಿ ಮೊಟ್ಟೆ ಕಂಡರೇ ಮೂಲೆ ಸೇರತೊಡಗಿತು. ಮೊಟ್ಟೆ ಬಂದರೆ ನೋವು ಬರುತ್ತೆ ಎಂದು ಕಲಿತಿತ್ತು, ಅಷ್ಟೇ. ಕ್ರಮ ತಿರುಗಿಸಿದರು. ಮೊದಲು ಕೈ ಕಿವಿಯತ್ತ ಒಂದಡಿ ದೂರದವರೆಗೆ ಬರುತ್ತದೆ, ನಿಲ್ಲುತ್ತದೆ, ಆಮೇಲೆ ಚೂರು. ಆರಂಗುಲ, ಚೂರು. ಕೆನ್ನೆ ಮುಟ್ಟಿ, ಚೂರು. ಕಿವಿಯ ತುದಿ, ಚೂರು. ಸೀಸೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡರೆ ತಣ್ಣನೆ ಹನಿಗೆ ಬೆಚ್ಚುವುದೂ ತಪ್ಪುತ್ತದೆ. ಇಷ್ಟಾಗುವವರೆಗೆ ಆರು ದಿನ ಹನಿಯನ್ನು ಬುಟ್ಟಿ ಹಾಕಿಯೇ ಆಸ್ಪತ್ರೆಯಲ್ಲಿ ಹಾಕಿಸಿದರು. ಪಾಠ ಮತ್ತು ಚಿಕಿತ್ಸೆ ಬೇರೆ ಬೇರೆ ಜಾಗದಲ್ಲಿ ನಡೆದರೆ ಒಂದು ಇನ್ನೊಂದನ್ನು ಕೆಡಿಸುವುದಿಲ್ಲ.

ತಟ್ಟೆ, ಮೂಳೆ

ಬೇಯಿಸಿದ ಮೂಳೆ ಪೂರ್ತಿ ನಿಂತಿತು. ಅದು ಸೀಳಿ ಕರುಳಿಗೆ ಚುಚ್ಚುವುದೂ ಉಂಟು. ಸಂಜೆಯ ಒಗ್ಗರಣೆ ಮಂಡಕ್ಕಿಯಲ್ಲಿ ಒಂದು ಹಿಡಿ ನಾಯಿಗೆ ಹೋಗುತ್ತಿತ್ತು, ಅದೂ ನಿಂತಿತು. ಈರುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತದೆ. ಮುದ್ದೆ, ಅನ್ನ, ಮೊಟ್ಟೆ, ಕೋಳಿ ದಿನಕ್ಕೆರಡು ಬಾರಿ ಗೊತ್ತಾದ ಹೊತ್ತಿಗೆ ಆವರಣದೊಳಗೆ. ಹಸಿವಿನಲ್ಲಿಟ್ಟರೆ ಕಾವಲು ಚುರುಕಾಗುತ್ತೆ ಎಂದು ಒಂದೇ ಹೊತ್ತು ಹಾಕುತ್ತಿದ್ದರು. ಊಟ ಕಾಯುವ ಬುದ್ಧಿಗೆ ಅದೂ ಒಂದು ಬೇರು.

"ತಿನ್ನುವಾಗ ಕೈ ಹಾಕಿ ಅಭ್ಯಾಸ ಮಾಡಿಸಿ" ಎನ್ನುವ ಸಲಹೆ ಎಲ್ಲೆಡೆ ಇದೆ. ಕೈ ಬಂದಾಗಲೆಲ್ಲ ಊಟ ಹೋಗುತ್ತದೆ ಎಂಬುದನ್ನು ಕಲಿಸಲು ಇದಕ್ಕಿಂತ ಒಳ್ಳೆ ವಿಧಾನವಿಲ್ಲ. ಇಲ್ಲಿ ಮಾಡಿದ್ದು ತಿರುಗುಮುರುಗು. ನಾಯಿ ತಟ್ಟೆಯಲ್ಲಿ ತಿನ್ನುತ್ತಿರುವಾಗ ಸೊಸೆ ಜಾಲರಿಯ ಹೊರಗೆ, ಹನ್ನೆರಡು ಅಡಿ ದೂರದಲ್ಲಿ ನಡೆದು ಹೋಗುತ್ತಾ ತಟ್ಟೆಯ ಪಕ್ಕಕ್ಕೆ ಒಂದು ಕೋಳಿ ಚೂರು ಎಸೆದು, ನಿಲ್ಲದೆ ಮುಂದೆ ಹೋಗುವುದು. ಊಟಕ್ಕೆ ಎಂಟು ಸಲ. ನಾಯಿ ಅವರ ಹೆಜ್ಜೆ ಕೇಳಿ ಸೆಟೆಯದೆ, ತಲೆ ಎತ್ತಿ, ಬರಲಿ ಎಂಬಂತೆ ನೋಡತೊಡಗಿದ ಮೇಲೆ ಹನ್ನೊಂದು ಅಡಿ. ಹೀಗೆ ಒಂದೊಂದಡಿ. ನಾಲ್ಕಡಿಗೆ ನಿಲ್ಲಿಸಲಾಯಿತು, ತಟ್ಟೆ ಎತ್ತುವವರೆಗೆ ಹೋಗುವ ಅಗತ್ಯವೇ ಇಲ್ಲ. ಇದನ್ನು ದೊಡ್ಡವರು ಮಾತ್ರ ಮಾಡಿದರು.

ಸಾಲು ಲೆಕ್ಕ

ಅಪರಿಚಿತರ ಪಾಠಕ್ಕೆ ತೋಟವೇ ಅಳತೆಪಟ್ಟಿಯಾಯಿತು. ಅಡಿಕೆ ಮರದ ಸಾಲಿನಿಂದ ಸಾಲಿಗೆ ಒಂಬತ್ತಡಿ. ನಾಯಿ ನಿಂತಲ್ಲಿಂದ ಏಳನೇ ಸಾಲಿನಲ್ಲಿ ಒಬ್ಬರು ಹಾದುಹೋದರೆ ಟೈಗರ್ ನೋಡುತ್ತಿತ್ತು, ಬೊಗಳುತ್ತಿರಲಿಲ್ಲ. ಆರನೇ ಸಾಲಿಗೆ ಬಂದರೆ ಮೈ ಮುಂದಕ್ಕೆ ವಾಲುತ್ತಿತ್ತು. ಹಾಗಾಗಿ ಏಳರಿಂದ ಶುರು. ಆಳು ಕಾಣಿಸಿದ ಒಂದೆರಡು ಸೆಕೆಂಡಿನೊಳಗೆ ಚೂರು, ಕಾಣುವವರೆಗೂ ಚೂರು ಬರುತ್ತಲೇ ಇರಬೇಕು, ಮರೆಯಾದ ಕೂಡಲೇ ನಿಲ್ಲಬೇಕು. ಐದು ನಿಮಿಷ, ದಿನಕ್ಕೆರಡು ಸಲ. ಮೂರು ಸಲ ಸತತ ಶಾಂತವಿದ್ದರೆ ಒಂದು ಸಾಲು ಹತ್ತಿರ. ಬೊಗಳಿದರೆ, ಸೆಟೆದರೆ, ಚೂರು ಮೂಸಿಯೂ ತಿನ್ನದಿದ್ದರೆ ಎರಡು ಸಾಲು ಹಿಂದೆ. ತಿನ್ನದಿರುವುದು ಹಟವಲ್ಲ, ಹೆದರಿಕೆಯ ಅತಿ ನಂಬಿಕಸ್ಥ ಗುರುತು.

ಹುಡುಗನಿಗೆ ಬೇರೆ ಪಾಠ. ತಿನ್ನುವ, ಮಲಗಿದ, ಕಟ್ಟಿದ ನಾಯಿಯ ಹತ್ತಿರ ಹೋಗಬಾರದು. ತಬ್ಬಬಾರದು. ನಾಯಿ ಮೇಲೆ ಬಂದರೆ ಓಡದೆ, ಕೈ ಮಡಚಿ, ಕಣ್ಣು ನೆಲಕ್ಕೆ ಹಾಕಿ ಅಡಿಕೆ ಮರದ ಹಾಗೆ ನಿಲ್ಲಬೇಕು. ಚೆಂಡು ಆವರಣದ ಕಡೆ ಹೋದರೆ ದೊಡ್ಡವರನ್ನು ಕರೆಯಬೇಕು. ಆದರೂ ಮಗುವಿನ ನೆನಪನ್ನು ನಂಬಿ ಗೇಟು ತೆರೆಯುವಂತಿಲ್ಲ. ಹುಡುಗನೂ ನಾಯಿಯೂ ಒಂದೇ ಜಾಗದಲ್ಲಿರುವಾಗ ಒಬ್ಬ ದೊಡ್ಡವರು, ಫೋನು ಕೈಯಲ್ಲಿಲ್ಲದೆ, ನಡುವೆ ಇರಬೇಕು. ನಾಯಿಗೆ ಕುಕ್ಕೆ ಇರಬೇಕು.

ದೀಪಾವಳಿ

ಏಳನೇ ವಾರಕ್ಕೆ ನಾಯಿ ಮೂರನೇ ಸಾಲಿಗೆ ಬಂದಿತ್ತು. ಅಷ್ಟರಲ್ಲಿ ಹಬ್ಬ, ನೆಂಟರು. ಪಟಾಕಿಯ ರಾತ್ರಿಗೆ ತಯಾರಿ ಚೆನ್ನಾಗಿತ್ತು: ಸಂಜೆ ಐದಕ್ಕೇ ಊಟ, ಅಡ್ಡಾಟ ಮುಗಿಸಿ ಒಳಕೋಣೆ, ಕಿಟಕಿಗೆ ಕಂಬಳಿ, ಜೋರು ಫ್ಯಾನು, ವೈದ್ಯರು ಬರೆದುಕೊಟ್ಟ ಮಾತ್ರೆ. ಕೆಟ್ಟದ್ದು ಮರುದಿನ. "ಈಗ ಸರಿ ಹೋಗಿದೆ ಬಾ ಮಾವ, ನೋಡು" ಎಂದು ಮಗ ಸೋದರಮಾವನನ್ನು ನೇರ ಜಾಲರಿಯ ಹತ್ತಿರ ಕರೆದೊಯ್ದ. ನಾಯಿ ಜಾಲರಿಗೆ ಹಾರಿ ಬಾಯಿ ಹಾಕಿತು. ಯಾರಿಗೂ ತಾಗಲಿಲ್ಲ.

ಪಟಾಕಿಯ ಹೆದರಿಕೆ ಮೈಯಿಂದ ಇಳಿಯಲು ಒಂದೆರಡು ದಿನ ಬೇಕು. ಆ ಹೊತ್ತಿನಲ್ಲಿ ಮೂರನೇ ಸಾಲಿನ ನಾಯಿ ಮತ್ತೆ ಏಳನೇ ಸಾಲಿನ ನಾಯಿಯಾಗಿರುತ್ತದೆ. ಮೂರು ದಿನ ಎಲ್ಲ ಪಾಠ ನಿಲ್ಲಿಸಿ, ಬರೀ ಅಡ್ಡಾಟ, ಊಟ, ನಿದ್ದೆ. ಆಮೇಲೆ ಆರನೇ ಸಾಲಿನಿಂದ ಮತ್ತೆ. ಕಳೆದುಕೊಂಡದ್ದು ಎರಡು ವಾರ.

ಫ್ಲೂಆಕ್ಸೆಟಿನ್ (ಆತಂಕ ತಗ್ಗಿಸುವ ಮಾತ್ರೆ) ಕೊಡಬೇಕೇ ಎಂಬ ಚರ್ಚೆ ಆಗ ಬಂತು. ಹೆದರಿಕೆ ಬೇರೂರಿದ ನಾಯಿಗಳಿಗೆ ಅದು ಉಪಯೋಗಕ್ಕೆ ಬರುತ್ತದೆ, ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ ಬೇಕು, ಪಾಠವಿಲ್ಲದೆ ಮಾತ್ರೆಯೊಂದೇ ಸಾಲದು. ಸಾಲು ಮತ್ತೆ ಕಡಿಮೆಯಾಗುತ್ತಿದ್ದುದರಿಂದ ವೈದ್ಯರು ಬೇಡವೆಂದರು. ಸಂತಾನಹರಣವನ್ನು ಜನವರಿಗೆ ಮುಂದೂಡಿದರು. ಹೆಣ್ಣು ನಾಯಿಯ ಹಿಂದೆ ಅಲೆಯುವುದು, ಗಂಡುನಾಯಿಗಳ ಜಗಳ, ಗುರುತಿಗೆ ಉಚ್ಚೆ ಹೊಯ್ಯುವುದು ಅದರಿಂದ ತಗ್ಗುತ್ತವೆ. ಹೆದರಿ ಕಚ್ಚುವುದು ತಗ್ಗುತ್ತದೆ ಎಂಬ ಭರವಸೆ ಇಲ್ಲ, ಕೆಲವು ನಾಯಿಗಳಲ್ಲಿ ಪುಕ್ಕಲು ಇನ್ನೂ ಹೆಚ್ಚಬಹುದು. ಹಾಗಾಗಿ ಕಿವಿ ವಾಸಿಯಾಗಿ, ಆಸ್ಪತ್ರೆಯ ಭಯ ಇಳಿದ ಮೇಲೆ ಮಾಡಿಸುವುದೇ ಸರಿ.

ಆರು ತಿಂಗಳ ನಂತರ

ಹಲ್ಲು ಯಾರಿಗೂ ತಾಗಿಲ್ಲ. ಹಾಲಿನವರು ಎರಡನೇ ಸಾಲಿನಲ್ಲಿ ಹಾದುಹೋದರೆ ನಾಯಿ ಸೊಸೆಯ ಮುಖ ನೋಡುತ್ತದೆ, ಚೂರಿಗೆ. ಕಿವಿಯನ್ನು ವಾರಕ್ಕೊಮ್ಮೆ ಬುಟ್ಟಿ ಇಲ್ಲದೆ ಒರೆಸಲು ಬಿಡುತ್ತದೆ, ಅದೂ ಸೊಸೆಗೆ ಮಾತ್ರ. ಜನವರಿಯ ಕೊನೆಗೆ ಒಂದು ಸಂಜೆ ಅಜ್ಜ ತಟ್ಟೆಯ ಹತ್ತಿರ ಬಗ್ಗಿದಾಗ ಟೈಗರ್ ಮೆಲ್ಲಗೆ ಗುರುಗುಟ್ಟಿತು. ಅಜ್ಜ ಗಾಬರಿಯಾಗಿ ಫೋನು ಮಾಡಿಸಿದರು. ದಾಖಲೆಯಲ್ಲಿ ಅದನ್ನು ಸುಧಾರಣೆ ಎಂದೇ ಬರೆಯಲಾಯಿತು: ಕಳೆದುಹೋಗಿದ್ದ ಮೆಟ್ಟಿಲು ವಾಪಸು ಬಂದಿದೆ. ಅಜ್ಜ ಮಾಡಬೇಕಾದದ್ದು ಹಿಂದೆ ಸರಿಯುವುದು, ಯಾವ ದೂರದಲ್ಲಿ ಗುರುಗುಟ್ಟಿತು ಎಂದು ಬರೆದಿಡುವುದು.

ಗುಣವಾಯಿತು ಎಂಬ ಮಾತನ್ನು ಈ ಕಡತದಲ್ಲಿ ಎಲ್ಲೂ ಬಳಸಿಲ್ಲ. ಐದರಿಂದ ಹದಿನಾಲ್ಕನೇ ವಾರದವರೆಗೆ ಜಗತ್ತನ್ನು ಕಾಣದ ಮರಿ ದೊಡ್ಡದಾದ ಮೇಲೆ ಅಪರಿಚಿತರ ಬಗ್ಗೆ ಸ್ವಲ್ಪ ಬಿಗಿಯಾಗಿಯೇ ಇರುತ್ತದೆ.

ಈ ಮನೆಯವರು ಇನ್ನೊಂದು ಮರಿ ತರುವ ಯೋಚನೆಯಲ್ಲಿದ್ದಾರೆ. ಎಂಟು ವಾರ ತುಂಬುವವರೆಗೆ ತಾಯಿಯ ಬಳಿಯೇ ಬಿಡಬೇಕು. ಕಚ್ಚಿನ ಬಲ ಎಷ್ಟಿರಬೇಕೆಂದು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದವುಗಳ ಜೊತೆ ಆಡುವಾಗ. ಬಂದ ಮೇಲೆ ಹದಿನಾಲ್ಕನೇ ವಾರದೊಳಗೆ ಹೆಲ್ಮೆಟ್ ಹಾಕಿದವರು, ಕಂಬಳಿ ಹೊದ್ದವರು, ಕೊಡೆ, ಟ್ರ್ಯಾಕ್ಟರು, ದೋಟಿ ಹಿಡಿದ ಕೊನೆ ಕೊಯ್ಯುವವರು, ಸುಲಿಯುವ ಯಂತ್ರದ ಸದ್ದು, ಬೇರೆ ಬೇರೆ ವಯಸ್ಸಿನ ಮಕ್ಕಳು, ಇವೆಲ್ಲವನ್ನೂ ದೂರದಿಂದ, ಬಾಯಲ್ಲಿ ತಿಂಡಿಯಿರುವಾಗ ತೋರಿಸಬೇಕು. ಲಸಿಕೆ ಮುಗಿಯುವವರೆಗೆ ನೆಲಕ್ಕಿಳಿಸದೆ ಕಂಕುಳಲ್ಲಿ ಹೊತ್ತು ತೋರಿಸಿದರೂ ಆಯಿತು. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ವೈದ್ಯರು ಬರೆದ ತಾರೀಖಿಗೆ, ವರ್ಷ ತಪ್ಪದೆ. ಬಾಯಲ್ಲಿರುವುದನ್ನು ಕಿತ್ತುಕೊಳ್ಳದೆ, ಅದಕ್ಕಿಂತ ರುಚಿಯಾದದ್ದು ಕೊಟ್ಟು ಬಿಡಿಸಿಕೊಳ್ಳುವ ಆಟವನ್ನು ಮೊದಲ ವಾರದಿಂದಲೇ ಆಡಬೇಕು. ಗುರ್ ಅಂದರೆ ಹೊಡೆಯಬಾರದು. ಅಜ್ಜ ಇದನ್ನು ಈಗ ಬಂದವರಿಗೆಲ್ಲ ಹೇಳುತ್ತಾರೆ.

ಮುಂದಿನ ಕೊಯ್ಲಿಗೆ ಶೆಡ್ಡಿನ ದಾರಿಯನ್ನು ಪಕ್ಕದ ಬದುವಿನ ಮೇಲೆ ತಿರುಗಿಸಿದ್ದಾರೆ. ಸುಲಿಯಲು ಬರುವವರಿಗೆ ಮೊದಲ ದಿನವೇ ಎರಡು ಮಾತು: ನಾಯಿಗೆ ಏನೂ ಎಸೆಯಬೇಡಿ, ಆವರಣದ ಮುಂದೆ ಕೂತು ಊಟ ಮಾಡಬೇಡಿ. ಒಳಗೇಟಿನ ಚಿಲಕವನ್ನು ಐದಡಿ ಎತ್ತರಕ್ಕೆ ಏರಿಸಿ, ಬೀಗದ ಕೈಯನ್ನು ಸೊಸೆ ಇಟ್ಟುಕೊಂಡಿದ್ದಾರೆ. ಹುಡುಗ ಉದ್ದ ಬೆಳೆದಂತೆ ಚಿಲಕದ ಎತ್ತರವನ್ನು ವರ್ಷಕ್ಕೊಮ್ಮೆ ನೋಡಿ ಬದಲಿಸಬೇಕು ಎಂದು ಕಡತದ ಕೊನೆಯಲ್ಲಿ ಬರೆದಿದೆ.